ಟೈಲರಣ್ಣನ ಸೋಮವಾರ

ಹೋದ ವಾರ ಚಳ್ಳಕೆರೆಯಲ್ಲಿ ಹಳೆಯ ಪ್ಯಾಂಟೊಂದನ್ನು ಸಡಿಲ ಮಾಡಿಸಲು ಕೊಟ್ಟಿದ್ದೆ. ದರ್ಜಿ ಸೊಂಟದ ಹೊಲಿಗೆ ಬಿಚ್ಚಿ, "ಒಳಗೆ ಬೇಜಾನ್ ಬಟ್ಟೆ ಬಿಟ್ಟಾರೆ. ಯಾರ್ ಸರ್ ಹೊಲಿದಿದ್ದು?" ಎಂದ. ಮಡಿಕೆಯಲ್ಲಿ ನೀಲಿ ಚಾಕಿನ ಗೆರೆ ಹಾಗೇ ಇತ್ತು. ಮೊಳಕಾಲ್ಮೂರಿನ ಟೈಲರಣ್ಣ ಹೊಲಿದದ್ದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಅಂಗಡಿಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದೆ. ಅಣ್ಣ ದಪ್ಪಗಿದ್ದರು. ದಿನವಿಡೀ ಮಿಷನ್ ಮುಂದೆ ಕೂತು ಕೆಲಸ, ಪಕ್ಕದಲ್ಲೇ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ, ಸಕ್ಕರೆ ಸುರಿದ ಚಹಾ. ಸಕ್ಕರೆ ಕಾಯಿಲೆ ಬಂತು. ತೂಕ ಇಳಿಯದಿದ್ದರೆ ಇಂಜೆಕ್ಷನ್ನೇ ಗತಿ ಎಂದರು ಡಾಕ್ಟರು. ಅಣ್ಣನಿಗೆ ಸೂಜಿಯ ಭಯ. ದಿನವೂ ಸೂಜಿ ಹಿಡಿಯುವವರಿಗೆ.

"ಅಂಗಿ ಆಲ್ಟರ್ ಮಾಡಿ ಮಾಡಿ ಸಾಕಾಯ್ತು ಕಣಲೇ ತಮ್ಮ. ಈಗ ಮೈನೇ ಆಲ್ಟರ್ ಮಾಡ್ತೀನಿ" ಎಂದು ನನ್ನನ್ನೂ ಬೆಳಿಗ್ಗೆ ಎಬ್ಬಿಸತೊಡಗಿದರು.

ಊಟ ಬಿಡಲಿಲ್ಲ, ಕಡಿಮೆ ಮಾಡಿದರು. ಮುದ್ದೆ ಅರ್ಧ, ಸೊಪ್ಪಿನ ಸಾರು ಜಾಸ್ತಿ. ಬಜ್ಜಿಯ ಬದಲು ಒಂದು ಹಿಡಿ ಹುರಿದ ಶೇಂಗಾ. ಓಡುವ ಮೊದಲು ಅರ್ಧ ರೊಟ್ಟಿ ತಿಂದು ಮಾತ್ರೆ ನುಂಗುತ್ತಿದ್ದರು. ಮೊದಲು ನಡಿಗೆ, ನಂತರ ಮಾತಾಡುತ್ತ ಓಡುವಷ್ಟೇ ವೇಗ. ತಿಂಗಳುಗಳಲ್ಲಿ ಹೊಟ್ಟೆ ಇಳಿಯಿತು. ನೋಡಿದವರು, "ಸೊರಗೀಯಲ್ಲಣ್ಣಾ, ಮನ್ಯಾಗೆ ಉಣ್ಣಾಕಿಕ್ಕಲ್ವಾ?" ಎಂದು ಮರುಗುತ್ತಿದ್ದರು.

ಶ್ರಾವಣ ಬಂತು. ಸೋಮವಾರ ಅವರ ಮನೆಯಲ್ಲಿ ಉಪವಾಸ. ಅಂದು ರೊಟ್ಟಿ ಮುಟ್ಟಲಿಲ್ಲ, ಮಾತ್ರೆ ಮಾತ್ರ ನುಂಗಿದರು. ನಾನು ನೋಡುತ್ತಿದ್ದುದನ್ನು ಕಂಡು, "ದೇವರದ್ದು ದೇವರಿಗೆ, ಡಾಕ್ಟ್ರದ್ದು ಡಾಕ್ಟ್ರಿಗೆ" ಎಂದರು. ಸರಿಯೆನಿಸಿತು.

ರಾಂಪುರದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಅಣ್ಣ ತೆಲುಗು ಶುರುಮಾಡಿದರು. ಆಂಧ್ರದ ಕಡೆಯಿಂದ ಬರುವ ಗಿರಾಕಿಗಳೊಡನೆ ಆಡುವ ಮಾತು. "ಏಮ್ಮಾ, ಜಾಕೆಟ್ ಬಿಗುತುಗಾ ಉಂದಾ?" ರವಿಕೆ ಬಿಗಿಯಾಯಿತೇ ಎಂದು. ಅವರು ದಿನವೂ ಹೀಗೆ ಯಾರದ್ದಾದರೂ ಅಣಕ ಮಾಡಿ ನಗಿಸುತ್ತಿದ್ದರು. ನಾನು ನಕ್ಕೆ. ಅವರು ಮತ್ತೆ ಅದನ್ನೇ ಕೇಳಿದರು. ಮತ್ತೆ ನಕ್ಕೆ. ಎರಡೂ ಕೈ ಅಗಲಿಸಿ, ಗಾಳಿಯಲ್ಲಿ ಟೇಪು ಹಿಡಿದು ಅಳತೆ ತೆಗೆಯುವವರಂತೆ ರಸ್ತೆಯ ನಡುವಿಗೆ ಹೋದರು. ಎದುರಿಗೆ ಲಾರಿ ಬರುತ್ತಿತ್ತು. ಹಾರ್ನ್ ಅವರಿಗೆ ಕೇಳಿಸಿದಂತಿರಲಿಲ್ಲ.

ಕಾಲರ್ ಹಿಡಿದು ಎಳೆದೆ. ಲಾರಿಯ ಗಾಳಿ ಮುಖಕ್ಕೆ ಬಡಿಯಿತು. ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು. ಅವರ ಅಂಗಿ ಬೆವರಿನಿಂದ ತೊಯ್ದು ತಣ್ಣಗಿತ್ತು, ಕಣ್ಣು ನನ್ನನ್ನು ಗುರುತಿಸಲಿಲ್ಲ. ಹತ್ತಿರದ ಚಹಾ ಅಂಗಡಿಯಾಕೆ ಸಕ್ಕರೆ ನೀರು ತಂದು ಗುಟುಕು ಗುಟುಕಾಗಿ ಕುಡಿಸಿದಳು. ಎಷ್ಟೋ ಹೊತ್ತಿನ ಮೇಲೆ ಅಣ್ಣ ಕನ್ನಡದಲ್ಲಿ ಮಾತಾಡಿದರು.

"ಲೇ, ಕಾಲರ್ ಬಿಡಲೇ. ಹರದೋಗತೈತೆ."

ನನ್ನ ಬೆರಳುಗಳು ಬಿಡುತ್ತಿರಲಿಲ್ಲ.

ಖಾಲಿ ಹೊಟ್ಟೆಗೆ ಆ ಮಾತ್ರೆ, ಮೇಲೆ ಓಟ, ಸಕ್ಕರೆ ಕುಸಿದಿತ್ತು ಎಂದರು ಡಾಕ್ಟರು. ಉಪವಾಸವಿದ್ದರೆ ಮೊದಲೇ ಕೇಳಬೇಕಿತ್ತು ಎಂದು ಬೈದರು. ಅಣ್ಣ ಓಟ ಬಿಡಲಿಲ್ಲ. ಮುಂದೆ ಸೋಮವಾರಗಳಲ್ಲಿ ಬಾಳೆಹಣ್ಣು ತಿನ್ನುತ್ತಿದ್ದರು. ನನಗೆ ವರ್ಗವಾಯಿತು. ಅವರು ತೀರಿಕೊಂಡದ್ದು ಎಷ್ಟೋ ವರ್ಷಗಳ ನಂತರ, ಜ್ವರದಿಂದ, ಆಸ್ಪತ್ರೆಯ ಮಂಚದ ಮೇಲೆ. ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ಕೊನೆವರೆಗೂ ಬೇಕಾಗಲಿಲ್ಲವಂತೆ. ಸುದ್ದಿ ಕೇಳಿದಾಗ ಅಳು ಬರಲಿಲ್ಲ. ಕಣ್ಣ ಮುಂದೆ ಆ ಲಾರಿ ಬಂತು, ಅಷ್ಟೇ... ಈಗಲೂ ಅವರನ್ನು ನೆನೆದರೆ ಮೊದಲು ಬರುವುದು ಅದೇ, ನಂತರ ನನ್ನ ನಗು.

ಈ ತಿಂಗಳು ಮತ್ತೆ ಓಡಲು ಶುರುಮಾಡಿದ್ದೇನೆ, ಮೈದಾನದಲ್ಲಿ. ಜೊತೆಗೆ ಬರುವ ಸಹೋದ್ಯೋಗಿ ಒಳ್ಳೆಯ ಹಾಸ್ಯಗಾರ. ನಿನ್ನೆ ಓಡುತ್ತಲೇ ಏನೋ ತಮಾಷೆ ಮಾಡಿದ. ನಾನು ನಿಂತು, ಅವನ ಕಣ್ಣು ನೋಡಿ ಕೇಳಿದೆ:

"ಬೆಳಿಗ್ಗೆ ಏನಾದ್ರೂ ತಿಂದಿದೀಯಾ?"