ಶರಣಮ್ಮ ಆಪರೇಷನ್ನಿಗೆ ಒಪ್ಪಿದ ದಿನ

ಸ್ಫೂರ್ತಿ, ಮಲ್ಲು, ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದದ್ದು ನಿಮಗೆ ಗೊತ್ತು. ಅಲ್ಲಿ ಏನೇನು ನೋಡಿದೆ ಎಂದು ನೀವು ಕೇಳಿದಾಗಲೆಲ್ಲ ಮಾತು ಹಾರಿಸಿದ್ದೇನೆ. ಎದುರು ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸ ಬಿಡುವ ಹಿಂದಿನ ವರ್ಷ, ಹೆಂಗಸರ ಸರ್ಜರಿ ವಾರ್ಡಿಗೆ ದೇವದುರ್ಗದ ಕಡೆಯ ಶರಣಮ್ಮ ಬಂದರು. ಗುದನಾಳದ ಕ್ಯಾನ್ಸರ್. ಮಲದಲ್ಲಿ ರಕ್ತ ಕಂಡಾಗ ನಾಚಿಕೊಂಡು ಯಾರಿಗೂ ಹೇಳದೆ, ಮೂಲವ್ಯಾಧಿ ಎಂದು ಬಹಳ ದಿನ ನಾಟಿ ಔಷಧಿ ಕುಡಿದಿದ್ದರು. ಈಗ ರೇಡಿಯೇಷನ್, ಕೀಮೋ ಮುಗಿದು ಆಪರೇಷನ್ ಬಾಕಿ ಇತ್ತು. ಗಡ್ಡೆ ಗುದದ್ವಾರಕ್ಕೆ ತೀರ ಹತ್ತಿರ. ಆ ದಾರಿ ಮುಚ್ಚಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಅಲ್ಲಿ ಚೀಲ ಅಂಟಿಸಬೇಕು. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಅದು ಜೀವನಪೂರ್ತಿ ಇರುವಂಥದ್ದು.

ಶರಣಮ್ಮ ಒಲ್ಲೆ ಎಂದರು.

ಡಾಕ್ಟರಮ್ಮ ಪಕ್ಕದಲ್ಲೇ ಕೂತು ತಿಳಿಸಿ ಹೇಳಿದರು. ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ, ಸುತ್ತಲಿನ ಗ್ರಂಥಿಗಳಿಗೆ ಹಬ್ಬಿದೆಯೇ, ಅಂಚಿನಲ್ಲಿ ಚೂರೂ ಉಳಿಯದಂತೆ ತೆಗೆಯಲಾಯಿತೇ, ಇವುಗಳ ಮೇಲೆ ಬದುಕು ನಿಂತಿರುತ್ತದೆ. ಈಗ ತೆಗೆದರೆ ಆಸೆ ಇದೆ, ತಡವಾದರೆ ಕೈ ಮೀರುತ್ತದೆ ಎಂದರು.

ಡಾಕ್ಟರಮ್ಮ ಹೋದ ಮೇಲೆ ನಾನು ಹಾಸಿಗೆ ಬದಲಿಸುತ್ತಿದ್ದೆ. ಶರಣಮ್ಮ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು.

“ಇಲ್ಲಿ ಲಿಂಗ ಅದ. ಇದರ ಕೆಳಗ ಹೊಲಸಿನ ಚೀಲ ಕಟಗೊಂಡು ಹ್ಯಾಂಗ ಪೂಜಿ ಮಾಡ್ಲಿ ಯವ್ವಾ? ನಾಳಿ ಮನಿಗೆ ಹೋಗ್ತೀನಿ. ಸತ್ರ ಸಾಯ್ತೀನಿ.”

ನನ್ನ ಕೊರಳಲ್ಲೂ ಲಿಂಗವಿದೆ. ಹಾಸಿಗೆ ಸರಿಮಾಡಿ ಕೆಳಗಿಳಿದೆ.

ಅದೇ ದಿನ ಮಾನ್ವಿಯ ಖಾಜಾಬಿ ತಪಾಸಣೆಗೆ ಬಂದಿದ್ದರು. ಬಳೆ ವ್ಯಾಪಾರದವರು. ಅವರಿಗೂ ಹಿಂದೆ ಇದೇ ಆಪರೇಷನ್ ಆಗಿತ್ತು. ಅಳುಕುತ್ತಲೇ ಅವರಿಗೆ ಸಂಗತಿ ಹೇಳಿದೆ. ಅವರು ಸೀದಾ ಮೇಲೆ ವಾರ್ಡಿಗೆ ಬಂದು ಶರಣಮ್ಮನ ಮಂಚದ ಮೇಲೇ ಕೂತರು.

“ಓಡಿ ಹೋಗಾಕಿ ನೀನೇ ಏನು?”

ಶರಣಮ್ಮ ಮುಖ ತಿರುಗಿಸಿದರು. “ನಮ್ಮ ಮಡಿ ನಿಮಗ ತಿಳಿಯಂಗಿಲ್ಲ ಬಿಡ್ರಿ.”

“ನಮಾಜಿಗೆ ಮಡಿ ಬ್ಯಾಡೇನು? ಚೀಲ ಖಾಲಿ ಮಾಡ್ತೀನಿ, ಕೈಕಾಲು ತೊಳಕೊಂತೀನಿ, ಐದೂ ಹೊತ್ತು ಮಾಡ್ತೀನಿ. ಮೊದಲು ಹೊಟ್ಟ್ಯಾಗ ಇತ್ತು, ಈಗ ಚೀಲದಾಗ ಅದ. ಒಳಗಿದ್ದಾಗ ನಿನ್ನ ದೇವ್ರಿಗೆ ಗೊತ್ತಿರಲಿಲ್ಲೇನ್ ಬೇ?”

ಶರಣಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, “ವಾಸನಿ?”

“ಇಷ್ಟು ಹತ್ರ ಕುಂತೀನಿ, ಬಂತೇನು? ನಮ್ಮನಿಯವರ ಬೀಡಿ ವಾಸನಿ ಮುಂದ ಇದ್ಯಾವ ಲೆಕ್ಕ!”

“ಒಂದೀಟು ತೋರಿಸ್ರಿ.”

ನಾನು ಪರದೆ ಎಳೆದು ಹೊರಗೆ ನಿಂತೆ. ಒಳಗೆ ಬಹಳ ಹೊತ್ತು ಪಿಸುಮಾತು ನಡೆಯಿತು. ಸಂಜೆ ಶರಣಮ್ಮ ಡಾಕ್ಟರಮ್ಮನಿಗೆ “ಆಗಲ್ರಿ” ಎಂದರು.

ಆಪರೇಷನ್ ಆಯಿತು. ರೋಗ ಗ್ರಂಥಿಗಳಿಗೆ ಹಬ್ಬಿರಲಿಲ್ಲ, ಅಂಚೂ ಶುದ್ಧವಾಗಿತ್ತು. ವರ್ಷಗಟ್ಟಲೆ ತಪಾಸಣೆಗೆ ಬರುತ್ತಿರಬೇಕು ಎಂದು ಡಾಕ್ಟರಮ್ಮ ಒತ್ತಿ ಹೇಳಿದರು. ಶರಣಮ್ಮ ಇಂದಿಗೂ ತಪ್ಪಿಸಿಲ್ಲ.

ಎದ್ದು ಕೂರುವಂತಾದ ಬೆಳಿಗ್ಗೆ ನನ್ನಿಂದ ಮೈ ಒರೆಸಿಸಿಕೊಂಡು, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಪೂಜೆಯ ನಡುವೆ ಚೀಲ ಗುರ್ ಎಂದಿತು. ನಾನು ಅವರ ಮುಖ ನೋಡಿದೆ. ಅವರು ಕಣ್ಣು ತೆರೆಯಲಿಲ್ಲ. ತುಟಿಯ ಅಂಚಿನಲ್ಲಿ ಸಣ್ಣ ನಗು ಬಂತು, ಅಂಗೈ ಅಲುಗಲಿಲ್ಲ.

ರೋಗಿ ಒಲ್ಲೆ ಎಂದರೆ ಬೈಯಬಾರದು, ಯಾಕೆ ಎಂದು ಕೇಳಿ ಪಕ್ಕದಲ್ಲಿ ಕೂರಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಮುಂದೆಂದಾದರೂ ನಿಮಗೆ ಮಲದಲ್ಲಿ ರಕ್ತ ಕಂಡು, ಬಾಯಿಬಿಟ್ಟು ಹೇಳಲು ಶರಣಮ್ಮನ ಹಾಗೆ ನಾಚಿಕೆಯಾದರೆ, ಇವನ್ನೇ ಮನೆಯವರ ಕೈಗೆ ಕೊಡಿ.