ತುಂಬಿದ ಗ್ಲಾಸಿಗೆ ಇನ್ನೊಂದು ಚಿಟಿಕೆ

ನಮ್ಮ ಅಕ್ಕೋರ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟಿರುತ್ತಿತ್ತು. ಬೇರೆ ಹೆಂಗಸರು ಅಲ್ಲಿ ಚಿಲ್ಲರೆ ಕಟ್ಟಿಕೊಂಡರೆ ಇವರು ಉಪ್ಪು ಕಟ್ಟಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಅದು ನೀರೊಡೆದು ಇಳಕಲ್ ಸೀರೆಯ ಮೇಲೆ ಬಿಳಿ ಕಲೆ ಮಾಡುತ್ತಿತ್ತು. ಅವರು ಅದನ್ನು ಮುಚ್ಚಿಕೊಂಡವರಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ಪರೇಲಿನ ಒಂದು ಕನ್ನಡ ಶಾಲೆಯ ಏಳನೆಯ ಇಯತ್ತೆಗೆ ಅವರು ವಿಜ್ಞಾನ ಕಲಿಸುತ್ತಿದ್ದರು. ನಮ್ಮೆಲ್ಲರ ಅಪ್ಪಂದಿರು ಬಟ್ಟೆ ಮಿಲ್ಲಿಗೆ ಹೋಗುವವರು. ಪ್ರಯೋಗದ ಸಾಮಾನು ಅಂತ ಶಾಲೆಯಲ್ಲಿ ಏನೂ ಇರಲಿಲ್ಲ. ಅಕ್ಕೋರು ಮನೆಯಿಂದ ತರುತ್ತಿದ್ದ ಗಾಜಿನ ಗ್ಲಾಸೇ ಎಲ್ಲ.

ಅಣುವಿನ ಪಾಠದ ದಿನ ಆ ಗ್ಲಾಸಿಗೆ ಅಂಚಿನ ತನಕ ನೀರು ತುಂಬಿಸಿ, ಗಂಟು ಬಿಚ್ಚಿ, ಸಣ್ಣ ಸಣ್ಣ ಚಿಟಿಕೆಯಲ್ಲಿ ಉಪ್ಪು ಉದುರಿಸಿದರು. ನೀರು ಚೆಲ್ಲಲಿಲ್ಲ.

"ಉಪ್ಪು ಎಲ್ಲಿ ಹೋತು?"

ಎಲ್ಲರೂ ಬಗ್ಗಿ ಗ್ಲಾಸಿನೊಳಗೆ ಹುಡುಕಿದೆವು. ಅಕ್ಕೋರು ನನ್ನ ಕಡೆ ತಿರುಗಿದರು. "ನಿಮ್ಮ ಖೋಲಿಯೊಳಗ ಎಷ್ಟ ಮಂದಿ ಇದ್ದೀರವಾ?"

"ಒಂಬತ್ತ ಮಂದಿ ರೀ."

"ಊರಿಂದ ಮಾಮಾ ಬಂದ್ರ ಎಲ್ಲಿ ಮಲಗ್ತಾನ?"

"ನಮ್ಮ ನಡುವ, ಸಂದ್ಯಾಗ ರೀ."

ಹುಡುಗರು ನಕ್ಕರು. "ನಗಬ್ಯಾಡ್ರಿ, ನೀರಿನಾಗೂ ಹಂಗ ಅದ. ನೋಡಾಕ ಇಡೀ ಒಂದ ಅನಸ್ತದ. ಒಳಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಕಣದ ನಡುವ ಸಂದಿ. ಆದ್ರ ಅವು ಮಲಗೂದಿಲ್ಲ, ಯಾವಾಗಲೂ ಅಲ್ಲಾಡತಿರತಾವ."

"ನನ್ನ ತಮ್ಮನಂಗ ರೀ," ಅಂದೆ. ಈಗ ಅಕ್ಕೋರೂ ನಕ್ಕರು.

ದೀಪಾವಳಿ ರಜೆ ಮುಗಿಯುತ್ತಲೇ ಹೆಡ್‌ಮಾಸ್ತರರು ಹೊಸ ಅಪ್ಪಣೆ ತಂದರು: ವಿಜ್ಞಾನದ ಪಿರಿಯಡ್ಡಿನಲ್ಲಿ ಹುಡುಗಿಯರು ಇನ್ನು ಹೊಲಿಗೆ ಕಲಿಯಬೇಕು. "ರೊಟ್ಟಿ ಬಡಿಯೂ ಹುಡುಗ್ಯಾರಿಗೆ ಅಣು ಯಾಕ ಬೇಕ್ರಿ?" ಎಂದು ನಮ್ಮೆದುರಿಗೇ ಕೇಳಿದರು.

"ಬ್ಯಾಡ ರೀ ಸರ್," ಅಂದರು ಅಕ್ಕೋರು. "ಮಿಲ್ಲಿನಾಗ ನೂಲು ಗಂಟ ಹಾಕೂ ಹುಡುಗರಿಗೂ ಬ್ಯಾಡ. ಇಬ್ಬರಿಗೂ ನಿಲ್ಲಸೂಣು."

ಹೆಡ್‌ಮಾಸ್ತರರ ಮುಖ ಕೆಂಪಾಯಿತು. ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಯ ತಪಾಸಣೆಗೆ ಬಂದಾಗ ಅವರೇ ತೀರ್ಮಾನಿಸಲಿ ಎಂದು ಹೊರಟುಹೋದರು. ಅಲ್ಲಿಯ ತನಕ ನಾವು ಹೊಲಿಗೆಯ ಗಂಟನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ವಿಜ್ಞಾನ ಕೇಳಿದೆವು.

ಸಾಹೇಬರು ಬಂದ ದಿನ ಅಕ್ಕೋರು ಗ್ಲಾಸನ್ನು ನನ್ನ ಮುಂದಿಟ್ಟರು. ಅವಸರದಲ್ಲಿ ನಾನು ಉಪ್ಪೆಲ್ಲ ಒಮ್ಮೆಲೇ ಸುರಿದುಬಿಟ್ಟೆ. ನೀರು ಮೇಜಿನ ಮೇಲೆ ಹರಿದು ಸಾಹೇಬರ ಪ್ಯಾಂಟಿಗೂ ತಾಗಿತು.

"ನೋಡಿದ್ರಿ? ಇವ್ರ ಕೈಗೆ ಸೂಜಿನ ಛಲೋ," ಅಂದರು ಹೆಡ್‌ಮಾಸ್ತರರು.

ಸಾಹೇಬರು ಬಾಗಿಲ ಕಡೆ ಹೆಜ್ಜೆ ಹಾಕಿದ್ದರು. ಅಕ್ಕೋರು ಅಡ್ಡ ನಿಂತರು. "ಸಾಹೇಬ್ರ, ಗಂಡಹುಡುಗರು ಲೆಕ್ಕ ತಪ್ಪಿದ್ರ ಅಳಸಿ ಮತ್ತ ಮಾಡಸ್ತೀವಿ. ಇವ್ರಿಗೆ ಯಾಕ ಒಂದ ಸರ್ತಿ? ನಿಲ್ರಿ." ನನಗೆ, "ಮತ್ತ ತುಂಬಸು," ಅಂದರು. ತಾವು ಗ್ಲಾಸು ಮುಟ್ಟಲಿಲ್ಲ.

ಮತ್ತೆ ತುಂಬಿಸಿದೆ. ಚಿಟಿಕೆ, ಇನ್ನೊಂದು ಚಿಟಿಕೆ. ನೀರು ಅಂಚಿನ ಮೇಲೆ ಉಬ್ಬಿ ನಿಂತಿತು, ಚೆಲ್ಲಲಿಲ್ಲ. ಯಾಕೆ ಚೆಲ್ಲಲಿಲ್ಲ ಎಂದು ಸಾಹೇಬರು ಕೇಳಿದರು. ಮಾಮಾನನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

"ವಿಜ್ಞಾನಕ್ಕ ಹುಡುಗ್ಯಾರೂ ಕೂಡ್ರಲಿ ಬಿಡ್ರಿ," ಅಂದರು ಅವರು.

ನಾವು ಕೂತೆವು. ವರ್ಷದ ಕೊನೆಗೆ ಅಕ್ಕೋರಿಗೆ ಬೈಕುಲ್ಲಾದ ಶಾಲೆಗೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ. ನಮಗೆ ತಿಳಿಯದ್ದೂ ಅಲ್ಲ.

ಎಷ್ಟೋ ವರ್ಷದ ಮೇಲೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಕೈಯಲ್ಲಿ ಕಾಯಿಪಲ್ಲೆಯ ಚೀಲ. "ಮ್ಯಾಟ್ರಿಕ್ ಆದಮ್ಯಾಲೆ ಲಗ್ನ ಆತ್ರೀ. ನೀವು ಅಷ್ಟ ಬಡದಾಡಿ ಕಲಿಸಿದ್ದು ಎಲ್ಲೂ ಉಪಯೋಗಕ್ಕ ಬರಲಿಲ್ಲ," ಅಂದೆ.

ಸುತ್ತಲಿನ ಜನ ತಿರುಗಿ ನೋಡುವಷ್ಟು ಜೋರಾಗಿ ಬೈದರು. "ಉಪಯೋಗಕ್ಕಂತ ಯಾರ ಹೇಳ್ಯಾರ ನಿನಗ? ಈ ಜಗತ್ತು ಯಾತರಿಂದ ಆಗೇದ ಅನ್ನೂದು ನಿನಗೂ ಗೊತ್ತಿರಬೇಕು. ಅದಕ್ಕ ಕಲಿಸೀನಿ. ತಲಿ ಎತ್ತಿ ನಡಿ."

ಅವರು ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ಇಷ್ಟು ಓದಿ ಏನು ಮಾಡಿದಿರಿ ಎಂದು ಈಗಲೂ ಜನ ಕೇಳುತ್ತಾರೆ. ಏನೂ ಮಾಡಲಿಲ್ಲ, ತಿಳಿದುಕೊಂಡೆ, ಅನ್ನುತ್ತೇನೆ. ಹಾಗೆ ಹೇಳುವಾಗ ನನ್ನ ದನಿ ತಗ್ಗುವುದಿಲ್ಲ.