ಮಾತು ನಿಲ್ಲದ ವೇಗ

ಮೊನ್ನೆ ರಕ್ತ ಪರೀಕ್ಷೆಗೆಂದು ಲ್ಯಾಬಿಗೆ ಹೋಗಿದ್ದೆ. ತೋಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸಿದ ಕೂಡಲೇ ನನಗೆ ಸೈಕಲ್ಲಿನ ಹ್ಯಾಂಡಲ್ ನೆನಪಾಯಿತು. ನಮ್ಮ ಎದುರುಮನೆಯಲ್ಲಿದ್ದ ನರ್ಸಮ್ಮ ಸೈಕಲ್ ಹತ್ತುವ ಮೊದಲು ಎರಡೂ ಹಿಡಿಗಳನ್ನು ಹಾಗೆ ಒರೆಸುತ್ತಿದ್ದರು. ಯಾಕೆ ಅಂತ ಕೇಳಿದರೆ, "ಅಭ್ಯಾಸ ಆಗೈತೆ ಬಿಡು" ಅನ್ನುತ್ತಿದ್ದರು…

ಆಗ ನಾನು ಚಿತ್ರದುರ್ಗದಲ್ಲಿ ಒಂದು ಕಚೇರಿಯ ಗುಮಾಸ್ತೆ, ವಯಸ್ಸು ಮೂವತ್ತೆಂಟು. ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತಿತ್ತು. ಮೂರು ಸಲ ಇಸಿಜಿ ಆಗಿ, ಹೃದಯಕ್ಕೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದರೂ ನನಗೆ ನಂಬಿಕೆ ಬಂದಿರಲಿಲ್ಲ. ಬಸ್ಸಿನಲ್ಲಿ, ಫೈಲಿನ ಮುಂದೆ, ದೇವರ ಮುಂದೆ ಕೂತಾಗಲೂ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದೆ. ಅದನ್ನು ಕಂಡ ನರ್ಸಮ್ಮನೇ ನನಗೆ ಸೈಕಲ್ ಕೊಡಿಸಿ, ದಿನಾ ಬೆಳಿಗ್ಗೆ ಹಿರೇಗುಂಟನೂರಿನ ಕಡೆ ಕರೆದೊಯ್ಯತೊಡಗಿದರು. ಆ ಸುತ್ತಿನ ಹಳ್ಳಿಗಳಲ್ಲೆಲ್ಲ ಅವರು ಸೈಕಲ್ಲಿನಲ್ಲೇ ಹೋಗಿ ಹೆರಿಗೆ ಮಾಡಿಸಿದವರು.

ನಿವೃತ್ತಿಯಾದ ವರ್ಷ ಒಂದು ದಿನ ಅಂದರು: "ಒಂದ್ ಸಲನಾದ್ರೂ ಆ ಕಡೆ ಯಾರೂ ಹೆರಿಗೆ ನೋವು ತಿನ್ತಾ ಕಾಯ್ದೆ ಇರಂಗೆ ಸೈಕಲ್ ತುಳೀಬೇಕು ಕಣಮ್ಮ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಬರಾಣ, ಬರ್ತೀಯಾ?"

ಆ ಚಳಿಗಾಲದಲ್ಲಿ ನಾಲ್ಕು ದಿನದ ರಜೆ ಹಾಕಿ ಹೊರಟೆವು. ಹೊರಡುವಾಗ ಅವರು ತಮ್ಮ ಚೀಲದ ಮುಂದಿನ ಜೇಬು ತೋರಿಸಿದರು. ಅದರಲ್ಲಿ ಗ್ಲೂಕೋಸ್ ಪುಡಿ ಇತ್ತು. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್; ತಿನ್ನುವುದು ತಡವಾದರೆ ಸಕ್ಕರೆ ತೀರಾ ಇಳಿದುಬಿಡುತ್ತಿತ್ತು. "ನಾನೇನಾದ್ರೂ ಅಡ್ಡಾದಿಡ್ಡಿ ಮಾತಾಡಿದ್ರೆ ಇದನ್ನ ಬಾಯಿಗೆ ಹಾಕು. ಬೈದ್ರೂ ಬಿಡಬ್ಯಾಡ" ಅಂದರು. ನನ್ನ ಎದೆ ಅಲ್ಲೇ ಡವಗುಟ್ಟಿತು.

ಮೊದಲ ದಿನ ಹೊಳಲ್ಕೆರೆ ಮುಟ್ಟುವುದರೊಳಗೆ ನಾನು ಸುಸ್ತಾಗಿದ್ದೆ. ಏರು ಕಂಡರೆ ಹೆದರಿ ಜೋರಾಗಿ ತುಳಿಯುವುದು, ಮೇಲೆ ಹೋಗಿ ನಾಡಿ ಹಿಡಿಯುವುದು. "ಮಾತಾಡ್ತಾ ತುಳಿ. ಮಾತು ನಿಂತ್ರೆ ಜಾಸ್ತಿ ಆತು ಅಂತ ಅರ್ಥ" ಎಂದು ಅವರು ಹಿಂದಿನಿಂದ ಕೂಗುತ್ತಿದ್ದರು. ನನಗೆ ಮಾತಾಡಲು ಏನೂ ಹೊಳೆಯುತ್ತಿರಲಿಲ್ಲ. ಎರಡನೆಯ ದಿನ ಹೊಸದುರ್ಗಕ್ಕೂ ಹಾಗೇ ಹೋದೆ.

ಮೂರನೆಯ ದಿನ ಹೊಸದುರ್ಗದಿಂದ ಹಿರಿಯೂರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಊರುಗಳು ವಿರಳ, ಎದುರಿಗೆ ಮೂಡಗಾಳಿ. ಬಿಸಿಲೇರುವ ಮೊದಲು ದಾಟಿಬಿಡಬೇಕು ಅನ್ನುವ ಆತಂಕಕ್ಕೆ ನಾನು ಅವರನ್ನು ಅರ್ಧ ಇಡ್ಲಿಗೇ ಎಬ್ಬಿಸಿದ್ದೆ. ಒಂಬತ್ತೂವರೆಗೆ ಅವರು, "ಇಲ್ಲಿ ಕುಂತ್ಕಂಡು ಕಟ್ಟಿಸ್ಕಂಡಿರೋ ಚಿತ್ರಾನ್ನ ತಿನ್ನಾಣ" ಅಂದರು. "ಇನ್ನೊಂದೈದು ಕಿಲೋಮೀಟರ್ ಹೋಗೋಣ ನರ್ಸಮ್ಮ" ಅಂದೆ. ಸ್ವಲ್ಪ ದೂರದಲ್ಲಿ ಮತ್ತೆ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ.

ಅವರು ಬಾಗೂರಿನ ಕಡೆಯ ಯಾರದೋ ಅವಳಿ ಮಕ್ಕಳ ಕಥೆ ಹೇಳುತ್ತಾ ಬರುತ್ತಿದ್ದರು. ನಡುವೆ ನನ್ನನ್ನು ಬೇರೆ ಯಾವುದೋ ಹೆಸರಿಂದ ಕರೆದರು. ನಾನು ತಿರುಗಲಿಲ್ಲ. ಆಮೇಲೆ ಗದರಿದರು: "ಏನು ನೋಡ್ತಾ ನಿಂತಿದೀಯ, ಬಿಸಿನೀರು ತಗಂಬಾ!"

ತಿರುಗಿ ನೋಡಿದರೆ ಅವರ ಸೈಕಲ್ ರಸ್ತೆಯ ನಡುವಿಗೆ ಸರಿಯುತ್ತಿತ್ತು. ಎದುರಿಗೆ ಲಾರಿಯ ಹಾರ್ನ್. ನನ್ನ ಸೈಕಲ್ ಬಿಸಾಡಿ ಓಡಿ, ಅವರ ತೋಳು ಹಿಡಿದು ಎಳೆದೆ. ಇಬ್ಬರೂ ರಸ್ತೆ ಪಕ್ಕದ ಮಣ್ಣಿನಲ್ಲಿ ಬಿದ್ದೆವು. ಅವರ ಕುತ್ತಿಗೆ ಬೆವರಿ ತಣ್ಣಗಾಗಿತ್ತು. ಗ್ಲೂಕೋಸ್ ತೆಗೆದರೆ ಕೈ ತಳ್ಳಿ ಬೈದರು, ನಾನು ಬಿಡಲಿಲ್ಲ. ಚೂರುಚೂರೇ ದವಡೆಯ ಒಳಗೆ ಒತ್ತಿದೆ. ಮಾರಿಕಣಿವೆಯ ಕಡೆ ಹೋಗುವ ಒಂದು ಬಸ್ಸು ನಿಧಾನ ಮಾಡಿ, ನಾವು ಸುಧಾರಿಸಿಕೊಳ್ಳುತ್ತಿದ್ದೇವೆ ಎಂದುಕೊಂಡು ಮುಂದೆ ಹೋಯಿತು. ನನ್ನ ಎರಡೂ ಕೈ ಅವರ ದವಡೆಯ ಮೇಲೇ ಇದ್ದವು…

ಕಾಲು ಗಂಟೆ ಕಳೆದಿರಬೇಕು. ಅವರು ಕಣ್ಣುಜ್ಜಿ, "ಸೈಕಲ್ಲಿಗೆ ಏನೂ ಆಗಿಲ್ಲ ತಾನೆ?" ಅಂದರು.

ನಾನು ಅತ್ತುಬಿಟ್ಟೆ. ನನ್ನಿಂದಲೇ ಹೀಗಾಯಿತು ಅಂದೆ. ಅವರಿಗೆ ನಿಜವಾಗಿ ಸಿಟ್ಟು ಬಂತು. "ಮೂವತ್ತು ವರ್ಷ ನರ್ಸಾಗಿದ್ದೋಳು ನಾನು. ಹಸಿವಾದಾಗ ತಿನ್ನಬೇಕಾಗಿದ್ದು ನಾನು. ನನ್ ಹೊಟ್ಟೆ ನಿನ್ ಕೈಗೆ ಕೊಟ್ಟಿದ್ನಾ?"

ಹುಣಸೆ ಮರದ ಕೆಳಗೆ ಚಿತ್ರಾನ್ನ ಪೂರ್ತಿ ತಿಂದರು. ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತೇನೆ ಅಂತ ಗೋಗರೆದೆ, ಒಪ್ಪಲಿಲ್ಲ. ಒಂದು ಗಂಟೆ ಮಲಗಿ ಎದ್ದು, ಬೆರಳು ಚುಚ್ಚಿಕೊಂಡು ಸಕ್ಕರೆ ನೋಡಿ ನನಗೂ ತೋರಿಸಿದರು. ಕೊನೆಗೆ ನಾನೊಂದು ಷರತ್ತು ಹಾಕಿದೆ: ಹಿರಿಯೂರು ಬರುವವರೆಗೂ ಅವರು ಮಾತು ನಿಲ್ಲಿಸಕೂಡದು.

ಅವರು ಮುಂದೆ, ನಾನು ಹಿಂದೆ. ನನ್ನ ಕಿವಿ ಅವರ ಬಾಯಿಗೇ ಅಂಟಿಕೊಂಡಿತ್ತು. ಒಂದು ಹೆಸರು ತಪ್ಪಿದರೂ ನೆಗೆಯಲು ತಯಾರಾಗಿದ್ದೆ. ಹೆರಿಗೆಗಳು, ಜಗಳಗಳು, ಕಾಡಿಸಿದ ಡಾಕ್ಟರು, ಕೆಸರಿನಲ್ಲಿ ಸಿಕ್ಕಿಕೊಂಡ ಚಕ್ರ… ಅವರು ಉಸಿರೆಳೆದಾಗ ನಾನೂ ಎಳೆದೆ. ಏರಿನಲ್ಲಿ ಅವರು ನಿಧಾನವಾದಾಗ ನಾನೂ ನಿಧಾನವಾದೆ. ಹಿರಿಯೂರಿನ ಮೊದಲ ಮನೆಗಳು ಕಂಡಾಗಲೇ ಹೊಳೆದದ್ದು, ನಾನು ಬೆಳಿಗ್ಗೆಯಿಂದ ನಾಡಿ ಮುಟ್ಟಿ ನೋಡಿರಲಿಲ್ಲ. ಕಾಲು ತಾನಾಗಿ ತುಳಿಯುತ್ತಿತ್ತು. ಅದನ್ನು ಹೇಳಿದರೆ ಎಲ್ಲಿ ತಪ್ಪಿಹೋಗುವುದೋ ಎಂದು ಹೆದರಿ ಅವರಿಗೂ ಹೇಳಲಿಲ್ಲ.

ಮತ್ತೊಂದು ಸಲ, ಹೊಸದುರ್ಗದ ಹತ್ತಿರದ ಹಾಲುರಾಮೇಶ್ವರವನ್ನೂ ಸೇರಿಸಿ ಹೋಗೋಣ ಅಂದುಕೊಂಡಿದ್ದೆವು. ಒಂದು ವರ್ಷ ನನಗೆ ರಜೆ ಸಿಗಲಿಲ್ಲ. ಮರುವರ್ಷ ಅವರ ಕಾಲಿನ ಗಾಯ ಮಾಯಲಿಲ್ಲ. ಆಮೇಲೆ ಕಿಡ್ನಿ. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದಾಗ ನಾನು ಒಮ್ಮೆ ಹೋಗಿ, ಆ ಪೈಪುಗಳನ್ನು ನೋಡಲಾರದೆ ಬೇಗ ಎದ್ದು ಬಂದೆ. ಭಾನುವಾರ ಮತ್ತೆ ಬರುತ್ತೇನೆ ಅಂದಿದ್ದೆ. ಅವರು ಶುಕ್ರವಾರ ಹೋದರು.

ಈಗಲೂ ಸೈಕಲ್ ಬಿಟ್ಟಿಲ್ಲ. ಆತಂಕವೂ ನನ್ನನ್ನು ಬಿಟ್ಟಿಲ್ಲ. ಹೋದ ಭಾನುವಾರ ಒಬ್ಬಳೇ ಹೊಳಲ್ಕೆರೆಗೆ ಹೋಗಿ, ಎಲ್ಲೂ ಇಳಿಯದೆ ತಿರುಗಿ ಬಂದೆ. ಅಷ್ಟು ದೂರ ಒಬ್ಬಳೇ ಹೋಗಿದ್ದು ಅದೇ ಮೊದಲು. ಬಂದವಳೇ ಸಂಭ್ರಮಕ್ಕೆ ಎದುರುಮನೆಯ ಗೇಟು ತೆಗೆದುಬಿಟ್ಟಿದ್ದೆ. ಹೊಸ ಬಾಡಿಗೆಯವರ ಅತ್ತೆಯಿರಬೇಕು, ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಿ, "ಯಾರು ಬೇಕಾಗಿತ್ರಿ?" ಅಂದರು.

"ಹೊಳಲ್ಕೆರೆಗೆ ಹೋಗಿ ಬಂದೆ" ಅಂದು ಗೇಟು ಮುಚ್ಚಿದೆ.